ಹನ್ನೊಂದು ಕಾಳು ಊದಲು

ಗುಡಾಣದ ಬಾಯೊಳಗೆ ಮೊಣಕೈವರೆಗೂ ಕೈ ಇಳಿಸಿ ಒಲೆಬೂದಿಯಿಂದ ಅದರ ಒಳಮೈ ಉಜ್ಜುತ್ತಿದ್ದೆ. ಅಪ್ಪ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ. ಮಂಜಿನ ಮೂರು ದಿನಗಳಲ್ಲಿ ಬಿತ್ತನೆಯ ಗುಡಾಣಕ್ಕೆ ಬೂದಿ ಹಾಕುವುದು ನಮ್ಮೂರಿನ ರೂಢಿ. ಮೊದಲಾದರೆ ಒಳಗಿನ ಕಾಳನ್ನು ಮೊರಕ್ಕೆ ಸುರಿದುಕೊಂಡು, ಉಜ್ಜಿ, ತಳಕ್ಕೆ ಒಣಗಿದ ಬೇವಿನೆಲೆ ಹಾಸಿ, ಮತ್ತೆ ತುಂಬಿಡುತ್ತಿದ್ದೆವು. ಈಗ ಸುರಿಯುವುದಕ್ಕೂ ಏನಿಲ್ಲ, ತುಂಬುವುದಕ್ಕೂ ಏನಿಲ್ಲ. ಆದರೂ ಉಜ್ಜುತ್ತಿದ್ದೆ. ಬರಿದಾದ ಗುಡಾಣ ಕೈ ಸುತ್ತಿದಂತೆಲ್ಲ ಹೂಂಗುಟ್ಟುತ್ತಿತ್ತು. ಆ ಸದ್ದು ಅಪ್ಪನಿಗೆ ಕೇಳದಿರಲಿ ಎಂದು ಆದಷ್ಟೂ ಮೆಲ್ಲಗೆ ಉಜ್ಜಿದೆ. ಕಣ್ಣು ಮಸಕಾದ ಮೇಲೆ ಅವನ ಕಿವಿ ಚುರುಕಾಗಿದೆ. ಕೇಳಿಯೇ ಇರುತ್ತದೆ.

ಹೊರಗೆ ಹೊಲಗಳು ನಡೆಯುತ್ತಿದ್ದವು.

ನಮ್ಮದು ಗುಡ್ಡದ ಮಗ್ಗುಲಿಗೆ ಅಂಟಿಕೊಂಡ ಊರು. ನಲವತ್ತೆರಡು ಮನೆ, ನಲವತ್ತೆರಡು ಹೊಲ. ಮೆಟ್ಟಿಲಿನ ಹಾಗೆ ಒಂದರ ಮೇಲೊಂದು, ಒಂದೊಂದಕ್ಕೂ ಕಲ್ಲಿನ ಬದು. ಎತ್ತು ಕಟ್ಟಿ ತಿರುಗಿಸಿದರೆ ಬಾಲ ಆಚೆ ಹೊಲದಲ್ಲಿರುತ್ತದೆ ಎಂದು ಕೆಳಗಿನ ಊರಿನವರು ನಗುತ್ತಾರೆ. ಮೊದಲ ಮಳೆ ಬಿದ್ದ ಮಾರನೆಯ ದಿನ ಮಂಜು ಇಳಿಯುತ್ತದೆ. ಮೂರು ದಿನ ಯಾರೂ ಹೊಸ್ತಿಲು ದಾಟುವುದಿಲ್ಲ. ಮಂಜು ಸರಿದ ಮೇಲೆ ನೋಡಿದರೆ, ಹೋದ ವರ್ಷ ತೊರೆಯ ದಡದಲ್ಲಿದ್ದ ಹೊಲ ಗುಡ್ಡದ ನೆತ್ತಿಯಲ್ಲಿರುತ್ತದೆ, ನೆತ್ತಿಯಲ್ಲಿದ್ದದ್ದು ಎಲ್ಲೋ ನಡುವೆ ಬಂದು ಕೂತಿರುತ್ತದೆ. ಸೀರೆಯ ಜೊತೆ ಸೆರಗು ಹೋದ ಹಾಗೆ ಬದುವೂ ಹೊಲದ ಜೊತೆಗೇ ಹೋಗಿರುತ್ತದೆ. ನೆಟ್ಟ ಗೂಟ ಮಾತ್ರ ಇದ್ದಲ್ಲೇ ಉಳಿಯುತ್ತದೆ. ಕಲ್ಲಿಗೆ ಬಣ್ಣ ಬಳಿದರೂ ಹೆಸರು ಕೆತ್ತಿದರೂ ಒಂದೇ ನಡಿಗೆಗೆ ಸವೆದುಹೋಗುತ್ತದೆ.

ಇದರಿಂದ ನಮಗೆ ತೊಂದರೆಯೇನೂ ಇರಲಿಲ್ಲ. ಹೊಲದಲ್ಲಿ ಬಾವಿ ತೋಡುತ್ತಿರಲಿಲ್ಲ, ಮರ ಬೆಳೆಸುತ್ತಿರಲಿಲ್ಲ, ಅಷ್ಟೆ. ನೀರಿನ ಜಗಳ ನಮ್ಮಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಬಾಳುತ್ತಿರಲಿಲ್ಲ. ಮುಂದಿನ ಮಂಜಿಗೆ ಮಗ್ಗುಲಿನವರೇ ಬದಲಾಗುತ್ತಿದ್ದರು. ಮದುವೆಗಳು ಕೂಡಿಬರುತ್ತಿದ್ದದ್ದೂ ಹಾಗೆಯೇ. ಅಪ್ಪನ ಹೊಲ ಒಂದು ವರ್ಷ, ಒಂದೇ ಒಂದು ವರ್ಷ, ಅವ್ವನ ತವರಿನ ಹೊಲದ ಪಕ್ಕಕ್ಕೆ ಬಂದಿತ್ತಂತೆ. ಕಳೆ ಕೀಳಲು ಬಂದ ಅವ್ವ ತನ್ನ ಸಾಲು ಮುಗಿಸಿ, ಯಾರೂ ಹೇಳದೆ, ಈ ಕಡೆಯದ್ದೂ ಎರಡು ಸಾಲು ಕಿತ್ತು ಹೋದಳಂತೆ. ಅವ್ವ ತೀರಿಹೋಗಿ ಏಳು ವರ್ಷವಾಯಿತು. ಅಪ್ಪ ಆ ಎರಡು ಸಾಲಿನ ಮಾತನ್ನು ಈಗಲೂ ಹೇಳುತ್ತಾನೆ.

ಹೊಲ ಎಲ್ಲಿಗೇ ಹೋಗಲಿ, ಅದನ್ನು ಪೈರಿನ ಗುರುತಿನಿಂದ ಪತ್ತೆ ಹಚ್ಚುತ್ತಿದ್ದೆವು. ಮನೆಗೊಂದು ಬಿತ್ತನೆ. ಕೊಯ್ಲಿನಲ್ಲಿ ಉದುರಿದ ಕಾಳು ಮಂಜಿನ ನೀರು ಕುಡಿದು ಆರನೆಯ ದಿನಕ್ಕೆ ತಾನೇ ಎದ್ದು ನಿಲ್ಲುತ್ತಿತ್ತು. ನಮ್ಮದು ಊದಲು. ಅದರ ಸಸಿಯ ಬುಡ ನೇರಳೆಹಣ್ಣು ತಿಂದ ನಾಲಿಗೆಯ ಹಾಗಿರುತ್ತದೆ. ಪಕ್ಕದ ಮನೆಯ ಕುಂಬತ್ತೆಯದು ನವಣೆ, ಎದುರು ಮನೆಯ ಗೂಳಯ್ಯನದು ಗಿಡ್ಡ ರಾಗಿ. ಹಾಗೆ ಸಾಮೆ, ಹಾರಕ, ಕೊರಲೆ, ಅವುಗಳಲ್ಲೇ ಬೇರೆ ಬೇರೆ ಬಗೆ. ಹೊರಗಿನವರಿಗೆ ಎಲ್ಲವೂ ಒಂದೇ ಹುಲ್ಲು. ನನಗೆ ಮಾತ್ರ ಒಂದೊಂದೂ ಒಂದೊಂದು ಮುಖ. ನಾನು ಐದನೆಯ ತರಗತಿಗೇ ಶಾಲೆ ಬಿಟ್ಟವಳು. ಮೇಷ್ಟ್ರು ಎದ್ದು ನಿಂತು ಓದು ಎಂದಾಗ ದನಿ ಬರಲಿಲ್ಲ. ಮಾರನೆಯ ದಿನ ಹೋಗಲಿಲ್ಲ. ಯಾರೂ ಒತ್ತಾಯ ಮಾಡಲಿಲ್ಲ. ಆದರೆ ಆರನೆಯ ದಿನದ ಬೆಳಗ್ಗೆ ಎಲ್ಲರಿಗೂ ನಾನು ಬೇಕಾಗುತ್ತಿದ್ದೆ. "ರಾಚವ್ವ, ಇದ್ಯಾರ್ದು ನೋಡವ್ವ," ಎಂದು ಕರೆಯುತ್ತಿದ್ದರು. ನಾನು ಬಗ್ಗಿ ನೋಡಿ, ಬಾಯಿ ಬಿಡದೆ, ಯಾರ ಹೊಲವೋ ಅವರ ಕಡೆಗೆ ಬೆರಳು ತೋರಿಸುತ್ತಿದ್ದೆ.

ಮೂರು ವರ್ಷದ ಹಿಂದೆ ಕಂಪನಿಯ ಮುಸುಕಿನ ಜೋಳ ಬಂತು. ತಂದವರು ಸಂಪತ್ ಅನ್ನುವವರು. ಅವರನ್ನು ಕೆಟ್ಟವರು ಎನ್ನಲಾರೆ. ಹೊಲಕ್ಕೆ ಇಳಿಯುವಾಗ ಬೂಟು ಕಳಚಿಡುತ್ತಿದ್ದರು, ಕುಂಬತ್ತೆ ಕೊಟ್ಟ ಮಜ್ಜಿಗೆಯನ್ನು ನಿಂತೇ ಕುಡಿದು ಲೋಟ ತಾವೇ ತೊಳೆದಿಡುತ್ತಿದ್ದರು. ಜೋಳ ಮನುಷ್ಯರಿಗಲ್ಲ, ಎಲ್ಲೋ ದೂರದ ಕೋಳಿಗಳಿಗೆ. ಒಂದೊಂದು ತೆನೆ ಮೊಣಕೈಯುದ್ದ. ಬೀಜ ಅವರೇ ಕೊಡುತ್ತಾರೆ, ಬೆಳೆ ಅವರೇ ಒಯ್ಯುತ್ತಾರೆ. ಕಳೆ ಕೀಳುವ ಕೆಲಸವೂ ಇಲ್ಲ, ಬೆನ್ನಿಗೆ ಡಬ್ಬ ಕಟ್ಟಿಕೊಂಡು ಔಷಧಿ ಹೊಡೆದರೆ ಜೋಳವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಒಣಗುತ್ತದೆ. ಊದಲು ನವಣೆ ಕುಟ್ಟಿ ಕುಟ್ಟಿ ಅಂಗೈ ಗಂಟುಗಟ್ಟಿದ್ದ ಹೆಂಗಸರು ಒನಕೆಗಳನ್ನು ಅಟ್ಟಕ್ಕೆ ಹಾಕಿದರು. ಕುಂಬತ್ತೆಯ ಸೋರುವ ಮಾಡಿಗೆ ತಗಡು ಬಂತು. ಕಂಪನಿಯ ಕಾಗದಕ್ಕೆ ಎಲ್ಲರಿಗಿಂತ ಮೊದಲು ಹೆಬ್ಬೆಟ್ಟು ಒತ್ತಿದವನು ನನ್ನ ಅಪ್ಪ ಜವರಯ್ಯ. ಮನೆಯ ಊದಲನ್ನೆಲ್ಲ ಕುಟ್ಟಿಸಿ ಅನ್ನ ಮಾಡಿಸಿ ಊರಿಗೇ ಉಣ್ಣಿಸಿದ. ಅವತ್ತು ಅವನು ಎಷ್ಟು ಖುಷಿಯಾಗಿದ್ದನೆಂದರೆ, ನಾನು ಬಿತ್ತನೆಗೆ ಒಂದು ಹಿಡಿ ತೆಗೆದಿಡಲೇ ಎಂದು ಕೇಳಲು ಮೂರು ಸಲ ಬಾಯಿ ತೆರೆದು ಮೂರು ಸಲವೂ ಮುಚ್ಚಿದೆ.

ಜೋಳ ಬಿತ್ತಿದ ಮೇಲಿನ ಮೊದಲನೆಯ ಮಂಜು ಸರಿದಾಗ ಅಲ್ಲೊಂದು ಇಲ್ಲೊಂದು ಹಳೆಯ ಪೈರು ಎದ್ದಿತ್ತು, ಹೇಗೋ ಗುರುತು ಸಿಕ್ಕಿತು. ಎರಡನೆಯ ಮಂಜಿಗೆ, ಅಂದರೆ ಹೋದ ವರ್ಷ, ಏನೂ ಏಳಲಿಲ್ಲ. ಜೋಳದ ತೆನೆಯಿಂದ ಕಾಳು ಉದುರುವುದಿಲ್ಲ. ಉದುರುವಂಥದ್ದನ್ನು ಔಷಧಿ ಉಳಿಸಿರಲಿಲ್ಲ. ಆರನೆಯ ದಿನ ಊರಿನವರೆಲ್ಲ ನಲವತ್ತೆರಡು ಬೋಳು ಹೊಲಗಳ ನಡುವೆ ನಿಂತಿದ್ದರು. ಇಂಥದ್ದು ಯಾರ ಎಣಿಕೆಯಲ್ಲೂ ಇರಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಬಗ್ಗಿ ಬಗ್ಗಿ ನೋಡಿದೆ. ಬೆರಳು ಎತ್ತಲಿಲ್ಲ.

ಕೆಲವರು ಮಣ್ಣು ಮೂಸಿದರು, ಕೆಲವರು ನಾಲಿಗೆಗೆ ಇಟ್ಟುಕೊಂಡರು. ಕಣ್ಣು ಕಾಣದ ಅಪ್ಪ ಬರಿಗಾಲಲ್ಲಿ ಒಂದೊಂದು ಹೊಲವನ್ನೂ ತುಳಿದು ಬಂದ. "ಗೊಬ್ಬರ ತಿಂದೂ ತಿಂದೂ ಎಲ್ಲಾ ಒಂದೇ ಆಗೋಗವೆ ಕಣ ಕೂಸು. ಕಾಲ್ಗೆ ಗೊತ್ತಾಯ್ತಿಲ್ಲ," ಎಂದ. ಕೊನೆಗೆ ಚೀಟಿ ಎತ್ತಿದೆವು. ನಮ್ಮ ಚೀಟಿಗೆ ಗುಡ್ಡದ ನಡುವಿನ ಒಂದು ಓರೆ ಹೊಲ ಬಂತು. "ನಂದು ಹೋಗಿ ನನ್ ಬೀಗ್ನಿಗೆ ಬಂದಿದ್ರೆ ಅವ್ನು ಸತ್ರೂ ಹೇಳಾಕಿಲ್ಲ," ಎಂದು ಗೂಳಯ್ಯ ನಗಿಸಲು ನೋಡಿದ. ಯಾರೂ ನಗಲಿಲ್ಲ. ಆ ವರ್ಷ ಬದು ಕುಸಿದರೆ ಕಟ್ಟುವವರಿಲ್ಲ. ಯಾರದೋ ಏನೋ ಎಂದುಕೊಂಡು ದಾಟಿ ಹೋಗುತ್ತಿದ್ದರು. ಅಪ್ಪ ಜಗಲಿಯ ಮೇಲೆ ಕೂತು, "ನಾನೇ ಮೊದ್ಲು ಹೆಬ್ಬೆಟ್ಟು ಒತ್ತುದ್ದು," ಎಂದು ದಿನಕ್ಕೊಂದು ಸಲವಾದರೂ ಅನ್ನುತ್ತಿದ್ದ.

ಅದೇ ವರ್ಷದ ಮಂಜಿನಲ್ಲಿ ಗುಡಾಣ ಉಜ್ಜುವಾಗ ನನ್ನ ಉಗುರಿಗೆ ಏನೋ ಸಿಕ್ಕಿತ್ತು. ತಳದಲ್ಲಿ ಹಳೆಯ ಸಗಣಿಯ ಮೆತ್ತು ಬಿರುಕುಬಿಟ್ಟ ಕಡೆ ಕಾಳು ಸಿಕ್ಕಿಕೊಂಡಿದ್ದವು. ಗುಂಡುಪಿನ್ನಿನಿಂದ ಒಂದೊಂದಾಗಿ ಎಬ್ಬಿಸಿದೆ. ಹನ್ನೊಂದು. ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಅಪ್ಪನಿಗೆ ಹೇಳಲಿಲ್ಲ. ಮೊಳೆಯದೆ ಹೋದರೆ ಅವನು ಇನ್ನೊಂದು ಸಲ ಸೋಲಬೇಕಲ್ಲ ಎಂದು. ಚೀಟಿಯಲ್ಲಿ ಬಂದ ಹೊಲದ ಮೂಲೆಯಲ್ಲಿ, ಬದುವಿನ ಬುಡಕ್ಕೆ, ಔಷಧಿಯ ಹನಿ ತಾಕದ ಕಡೆ ಊರಿದೆ. ಏಳು ಮೊಳೆತವು. ಔಷಧಿ ಹೊಡೆಯುವ ದಿನ ಅವುಗಳ ಮೇಲೆ ಮಂಕರಿ ಬೋರಲು ಹಾಕಿದೆ. ತೆನೆ ಬಂದಾಗ ಕೊಯ್ಯಲಿಲ್ಲ. ಗುಬ್ಬಿಗಳನ್ನು ಓಡಿಸಿ, ಕಾಳು ಅಲ್ಲೇ ಉದುರಲು ಬಿಟ್ಟೆ. ಹೊಲ ಎಲ್ಲಿಗೆ ಹೋದರೂ ಮುಂದಿನ ಮಂಜಿಗೆ ನಮ್ಮ ಗುರುತು ಏಳುತ್ತದೆ ಎಂಬುದು ನನ್ನ ಲೆಕ್ಕ. ಅದು ಚೀಟಿ ತಂದ ಹೊಲ, ನಮ್ಮದೇ ಆಗಿರಬೇಕೆಂದಿಲ್ಲ ಅನ್ನುವುದು ಊರುವಾಗ ನನ್ನ ತಲೆಗೆ ಬರಲೇ ಇಲ್ಲ. ಹೊಲವನ್ನು ಪೈರಿನಿಂದಲೇ ಗುರುತಿಸಿ ಬೆಳೆದವಳು. ಪೈರು ಇದ್ದಲ್ಲಿ ಹೊಲ ಅಂದುಕೊಂಡಿದ್ದೆ.

ಈ ಸಲ ಮಂಜು ಸರಿದ ದಿನ ಸಂಪತ್ ಬಂದು ಅರಳಿಕಟ್ಟೆಯ ಮೇಲೆ ಕೂತರು. "ಪ್ರತಿ ವರ್ಷ ಚೀಟಿ ಎತ್ತೋದು ನಿಮಗೂ ಕಷ್ಟ. ಬದು ತೆಗೆದು ಎಲ್ಲಾ ಒಂದೇ ಹೊಲ ಮಾಡಿದ್ರೆ ಅದು ನಡೆಯಲ್ಲ. ಕೆಳಗಿನ ಊರಲ್ಲಿ ಮಾಡಿದ್ದಾರೆ, ಎರಡು ವರ್ಷದಿಂದ ಅಲ್ಲಾಡಿಲ್ಲ. ಯಂತ್ರ ಹೋಗುತ್ತೆ, ನಿಮ್ಮ ಬೆನ್ನು ಉಳಿಯುತ್ತೆ. ಮನೆಗೊಂದು ಪಾಲು, ಕೆಲಸಕ್ಕೆ ಬಂದವರಿಗೆ ಕೂಲಿ. ಹತ್ತನೇ ದಿನ ಪುಸ್ತಕ ತರ್ತೀನಿ. ಇದು ನನ್ನದೇ ಅಂತ ಯಾರು ಗುರುತು ತೋರಿಸ್ತಾರೋ ಅವರ ಬದು ಮುಟ್ಟಲ್ಲ," ಎಂದರು.

"ನಡೀದೆ ಇದ್ರೆ ಒಳ್ಳೇದೇ ಬುಡಿ," ಎಂದ ಗೂಳಯ್ಯ. "ನನ್ ಮಂಡಿ ಇನ್ನು ಹೊಲ ಹುಡ್ಕಾಕೆ ಒಪ್ಪಾಕಿಲ್ಲ."

ಅಪ್ಪ ಮನೆಗೆ ಬಂದ ಮೇಲೆ, "ಕೂಲಿಗೆ ಹೋಗಾಕೆ ನಂಗೆ ಕಣ್ಣಿಲ್ವಲ್ಲ ಕೂಸು," ಎಂದ. ತನ್ನ ಹೊಲವಾದರೆ ಅವನು ಕೈಯಲ್ಲಿ ತಡವಿಕೊಂಡೇ ಕಳೆ ಕೀಳುತ್ತಾನೆ, ಬದುವಿನ ಕಲ್ಲು ಜೋಡಿಸುತ್ತಾನೆ. ಯಂತ್ರ ಓಡಾಡುವ ಬಯಲಿನಲ್ಲಿ ಅವನು ಎಲ್ಲಿ ಕೂರಬೇಕು?

ಆರನೆಯ ದಿನ ಕೋಳಿ ಕೂಗುವ ಹೊತ್ತಿಗೆ ಒಬ್ಬಳೇ ಹೊರಟೆ. ನಲವತ್ತೆರಡು ಹೊಲದ ಮೂಲೆ ಮೂಲೆ ನೋಡುತ್ತ ಮೇಲಿಂದ ಇಳಿದೆ. ತೊರೆಯ ಹತ್ತಿರ, ಹಲಸಿನ ಮರದ ನೆರಳು ಬೀಳುವ ಹೊಲದ ಮೂಲೆಯಲ್ಲಿ ಕಂಡವು. ನೇರಳೆ ಬುಡ. ಎಣಿಸಲು ಆಗದಷ್ಟು ಒತ್ತೊತ್ತಾಗಿ, ಒಂದು ಮೊರದಗಲ. ಮಂಡಿಯೂರಿ ಕೂತೆ. ನನಗೆ ಅಳು ಬಂತೋ ನಗು ಬಂತೋ ಈಗ ನೆನಪಿಲ್ಲ. ಓಡಿಹೋಗಿ ಅಪ್ಪನ ಕೈ ಹಿಡಿದು ಕರೆತಂದೆ. ದಾರಿಯುದ್ದಕ್ಕೂ, "ಏನಾಯ್ತು ಹೇಳು, ಯಾಕ್ ಇಂಗ್ ಎಳೀತಿದ್ದೀಯೆ, ಬೀಳ್ತೀನಿ ಕಣ," ಎನ್ನುತ್ತಲೇ ಬಂದ. ಅವನ ಅಂಗೈಯನ್ನು ಸಸಿಗಳ ಮೇಲೆ ಇಟ್ಟೆ.

ಅಪ್ಪ ಒಂದು ಸಸಿಯ ಬುಡವನ್ನು ಎರಡು ಬೆರಳಿನ ನಡುವೆ ಹೊರಳಿಸಿದ. ಎಲೆಯ ಅಂಚನ್ನು ತುಟಿಗೆ ತಾಗಿಸಿಕೊಂಡ.

"ನಮ್ ಊದ್ಲು," ಎಂದ. ಆಮೇಲೆ, "ನಿಮ್ಮವ್ವ ಕಿತ್ತ ಸಾಲು ಇದ್ರದ್ದೇ," ಎಂದ. ಅವನ ಮುಖ ಹಾಗೆ ಬೆಳಗಿದ್ದನ್ನು ಮೂರು ವರ್ಷದಿಂದ ಕಂಡಿರಲಿಲ್ಲ. ಕೂತಲ್ಲೇ ಹೊಲದ ಉದ್ದ ಅಗಲ ತಡವುತ್ತ, ಇಲ್ಲಿ ಬದು ಉಬ್ಬಿದೆ, ಇಲ್ಲೊಂದು ಕಲ್ಲು ಸಡಿಲ, ನಾಳೆ ಸರಿ ಮಾಡಬೇಕು ಎಂದು ಗೊಣಗಿದ. ತಡವುತ್ತಾ ಹೋದ ಕೈ ಸಸಿಗಳ ಪಕ್ಕದ ಬದುವಿನ ಒಂದು ದುಂಡು ಕಲ್ಲಿಗೆ ಬಂತು. ಅವನ ಹೆಬ್ಬೆರಳು ಅದರೊಂದು ಕುಳಿಯೊಳಗೆ ಇಳಿದು ಅಲ್ಲೇ ನಿಂತುಬಿಟ್ಟಿತು.

ಆಗ ನಾನೂ ನೋಡಿದೆ. ಹೋದ ವರ್ಷ ಆ ಕಲ್ಲಿನ ಮೇಲೆ ಪಾಚಿ ದಪ್ಪಗೆ ಹಿಡಿದಿತ್ತು. ಈ ಸಲದ ನಡಿಗೆಯಲ್ಲಿ ಉಜ್ಜಿಹೋಗಿತ್ತು. ಕಲ್ಲಿನ ನಡುವೆ ಬೆರಳಗಲದ ನುಣ್ಣನೆಯ ಕುಳಿ, ಅದರ ತಳದಲ್ಲಿ ಇನ್ನೂ ಬೆಳ್ಳಗೆ. ಕುಂಬತ್ತೆಯ ತೀರಿಹೋದ ಗಂಡ ಬೊಮ್ಮಣ್ಣಮಾವ ಎಲೆಯಡಿಕೆಯ ಸುಣ್ಣವನ್ನು ಯಾವತ್ತೂ ಡಬ್ಬಿಯಲ್ಲಿ ಇಟ್ಟವರಲ್ಲ. ಹೊಲದ ಬದುವಿನ ಕಲ್ಲೊಂದರ ಮೇಲೆ ಮೆತ್ತಿಟ್ಟು ಹೆಬ್ಬೆರಳಿನಿಂದ ತೀಡಿ ತೀಡಿ ತೆಗೆಯುತ್ತಿದ್ದರು. ನಲವತ್ತು ವರ್ಷ. ಕೆತ್ತಿದ್ದು ಒಂದು ನಡಿಗೆಗೆ ಅಳಿಸಿಹೋಗುತ್ತದೆ, ಇದು ಅಳಿಸಿಹೋಗಿರಲಿಲ್ಲ. ಅವರ ಹೊಲ ನಮ್ಮ ಮಗ್ಗುಲಿಗೆ ಬಂದ ವರ್ಷ ಅಪ್ಪನೂ ಅದೇ ಕುಳಿಯಿಂದ ಸುಣ್ಣ ತೀಡಿಕೊಂಡವನೇ.

ಅಪ್ಪ ಕೈ ತೆಗೆದ. ಪಂಚೆಗೆ ಒರೆಸಿಕೊಂಡ. ನಾನು ಅವನ ಮುಖ ನೋಡಿದೆ, ಅವನು ತೊರೆಯ ಕಡೆ ಮುಖ ಮಾಡಿದ್ದ. "ಹೋಗಾನ ನಡಿ, ಒಲೆ ಮೇಲೆ ಏನೋ ಇಟ್ಟಿದ್ದೀಯೆ," ಎಂದ. ನಾನು ಏನೂ ಇಟ್ಟಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಸುದ್ದಿ. ಜನ ಬಂದು ಬಂದು ಸಸಿ ನೋಡಿ ಹೋದರು. "ಜವರಣ್ಣನ್ ಅದೃಷ್ಟ ಚೆಂದಾಗದೆ," ಎಂದರು. ಗೂಳಯ್ಯ ಸಸಿಯ ಮುಂದೆ ಕುಕ್ಕರಗಾಲಲ್ಲಿ ಬಹಳ ಹೊತ್ತು ಕೂತು, "ನಮ್ಮನೆ ರಾಗೀನ ನಾನೇ ರೊಟ್ಟಿ ತಟ್ಟಿಸಿ ತಿಂದ್ನಲ್ಲ, ಹಾಳಾದೋನು," ಎಂದುಕೊಂಡು ಎದ್ದ. ಕುಂಬತ್ತೆಯೂ ಬಂದಳು. ಅವಳ ಕಣ್ಣು ಮೊದಲು ಸಸಿಗೆ ಹೋಯಿತು, ಆಮೇಲೆ ಕಲ್ಲಿಗೆ. ನಾನು ಎರಡು ಹೆಜ್ಜೆ ಆಚೆ ನಿಂತಿದ್ದೆ. ಅವಳು ಬಗ್ಗಿ, ಸೊಂಟ ನೋಯುವವರ ಹಾಗೆ ಆ ಕಲ್ಲಿನ ಮೇಲೆ ಅಂಗೈ ಊರಿ, ಮೆಲ್ಲಗೆ ಎದ್ದಳು. ಕುಳಿ ಅಷ್ಟು ಹೊತ್ತೂ ಅವಳ ಅಂಗೈ ಕೆಳಗಿತ್ತು.

"ಚೆನ್ನಾಗ್ ಹುಟ್ಟವೆ ಕಣೆ ರಾಚಿ," ಎಂದಳು. "ನಿಮ್ಮಪ್ಪ ಸಂದಾಕಿ ನಿದ್ದೆ ಮಾಡ್ಲಿ."

ಅಪ್ಪ ಆ ನಾಲ್ಕು ದಿನ ನಿದ್ದೆ ಮಾಡಲಿಲ್ಲ. ಉಪ್ಪು ಸಾಕಾ ಎಂದರೆ ಹೂಂ, ಸಾಲದಾ ಎಂದರೂ ಹೂಂ. ಕಲ್ಲಿನ ಮಾತನ್ನು ನಾನೂ ಎತ್ತಲಿಲ್ಲ. ಅಪ್ಪ ಸುಮ್ಮನಿರಲಿ, ಸುಮ್ಮನಿದ್ದುಬಿಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹಾಗೆ ಬೇಡಿಕೊಂಡದ್ದಕ್ಕೆ ನಾಚಿಕೆಯೂ ಆಯಿತು. ಕುಂಬತ್ತೆ ನನಗೆ ಅವ್ವ ಸತ್ತ ವರ್ಷ ತಲೆ ಬಾಚಿದವಳು.

ಹತ್ತನೆಯ ದಿನ ಸಂಪತ್ ಪುಸ್ತಕ ಹಿಡಿದು ಬಂದರು. ಅವರ ಹಿಂದೆ ತೊರೆಯ ಆಚೆ ದಡದಲ್ಲಿ ಹಳದಿ ಯಂತ್ರ ನಿಂತಿತ್ತು. ಊರಿನವರೆಲ್ಲ ನಮ್ಮ ಸಸಿಯ ಸುತ್ತ ಸೇರಿದರು, ತೋರಿಸಲು ಗುರುತಿದ್ದದ್ದು ಅದೊಂದೇ ಹೊಲದಲ್ಲಿ. ಸಂಪತ್ ಬೂಟು ಕಳಚಿ ಒಳಗೆ ಬಂದು, ಬಗ್ಗಿ ನೋಡಿದರು. ನಿಜಕ್ಕೂ ಸಂತೋಷಪಟ್ಟ ಹಾಗೆ ನಕ್ಕರು.

"ಸರಿ ಜವರಯ್ಯ, ಒಂದಾದ್ರೂ ಸಿಕ್ತಲ್ಲ. ಇದು ನಿಮ್ಮದು ತಾನೆ? ಬರ್ಕೊಳ್ಲಾ?"

ಅಪ್ಪ ಕೋಲು ಊರಿಕೊಂಡು ಎದ್ದು ನಿಂತ.

"ಪೈರು ನಮ್ದು ಸ್ವಾಮಿ. ಹೊಲ ನಮ್ದಲ್ಲ, ಕುಂಬವ್ವಂದು. ಕಲ್ನಲ್ಲಿ ಬೊಮ್ಮಣ್ಣನ್ ಬೆಟ್ಟು ಅದೆ."

ಜನ ಗುಜುಗುಜು ಎಂದರು. ಕುಂಬತ್ತೆ ಮುಂದೆ ಬಂದಳು. "ಏನಣ್ಣ ನಿಂದು? ಯಾವ್ ಕಲ್ಲು, ಯಾವ್ ಬೆಟ್ಟು? ಕಣ್ಣಿಲ್ದೋನು ಕಲ್ ನೋಡ್ದ, ನಾನ್ ಕಣ್ಣಿರೋಳು ನೋಡ್ಲಿಲ್ವಾ? ಬರ್ಕೊಳ್ಳಿ ಸ್ವಾಮಿ, ಜವರಣ್ಣಂದೇ."

"ಸುಳ್ಳಾಡ್ಬೇಡ ಕುಂಬವ್ವ. ನಾನೂ ಅದ್ರಲ್ಲಿ ಸುಣ್ಣ ತೀಡಿವ್ನಿ."

"ತೀಡಿದ್ರೆ ತೀಡು! ಸತ್ತೋನ್ ಸುಣ್ಣ ಇಟ್ಕೊಂಡು ನಾನೇನ್ ಮಾಡ್ಲಿ? ನಿಂದು ಹಸ್ರಾಗಿ ನಿಂತದೆ, ಬದಿಕ್ಕೊ."

"ನಿಂಗ್ ಬೇಡ್ವಾ?"

"ಬೇಕು," ಎಂದಳು ಕುಂಬತ್ತೆ. ಅವಳ ದನಿ ಒಮ್ಮೆಲೆ ಸಣ್ಣದಾಯಿತು. "ಬೇಕು ಕಣಣ್ಣ. ಬ್ಯಾಡ ಅಂದ್ನಾ? ನೀನೇ ಮಡಿಕ್ಕೊ ಅಂದೆ, ಅಷ್ಟೆಯ."

ಸಂಪತ್ ಇವರ ಮುಖದಿಂದ ಅವರ ಮುಖಕ್ಕೆ ನೋಡಿದರು. ಲೇಖನಿ ಪುಸ್ತಕದ ಮೇಲೆ ಹಾಗೇ ನಿಂತಿತ್ತು. "ಒಂದು ಹೆಸರು ಹೇಳಿ. ಯಾರದಾದ್ರೂ ಒಂದು," ಎಂದರು. ಕುಂಬತ್ತೆ ಅಪ್ಪನ ಹೆಸರು ಹೇಳಿದಳು. ಅಪ್ಪ ಕುಂಬತ್ತೆಯ ಹೆಸರು ಹೇಳಿದ. ಇನ್ನೊಮ್ಮೆ ಕೇಳಿದರು, ಇನ್ನೊಮ್ಮೆ ಹಾಗೇ ಆಯಿತು. ಯಾರೋ ಕಿಸಕ್ಕೆಂದರು. "ನೀವೇ ಒಪ್ಪಿಲ್ಲ ಅಂದ್ಮೇಲೆ ನಾನೇನ್ ಬರೀಲಿ? ಖಾಲಿ ಬಿಟ್ರೆ ಇದೂ ಆ ಒಂದೇ ಹೊಲಕ್ಕೆ ಸೇರಿ ಹೋಗುತ್ತೆ. ನನ್ನ ಕೈಲಿಲ್ಲ," ಎಂದು ಅವರು ಮೆಲ್ಲಗೆ ಪುಸ್ತಕ ಮುಚ್ಚಿದರು. ಬೇಸರದಿಂದಲೇ ಮುಚ್ಚಿದರು, ನಾನು ನೋಡಿದೆ. ತೊರೆಯ ಆಚೆ ಕೈ ಬೀಸಿದರು. ಯಂತ್ರ ಗುಡುಗುಡು ಎಂದಿತು.

ನನಗೆ ಗೊತ್ತಾಗುವ ಮೊದಲೇ ನಾನು ಸಸಿಗಳ ಮುಂದೆ ಬಂದು ನಿಂತಿದ್ದೆ. ಇಷ್ಟು ಜನ ನನ್ನನ್ನು ನೋಡಿದ್ದು ಬೆರಳು ತೋರಿಸುವಾಗ ಮಾತ್ರ. ಆಗ ಯಾರೂ ಮುಖ ನೋಡುತ್ತಿರಲಿಲ್ಲ, ಬೆರಳು ನೋಡುತ್ತಿದ್ದರು. ಶಾಲೆಯಲ್ಲಿ ಎದ್ದು ನಿಂತ ದಿನ ನೆನಪಾಯಿತು. ಕುಂಬತ್ತೆ ನನ್ನ ಕಡೆ ನೋಡಿದಳು. ಅಪ್ಪ ತಲೆ ಓರೆ ಮಾಡಿ, ಯಾರ ಹೆಜ್ಜೆ ಎಂದು ಕೇಳಿಸಿಕೊಳ್ಳುತ್ತಿದ್ದ.

"ಇದು ತೆನೆ ಬರಾಗಂಟ ಬುಡಿ," ಎಂದೆ.

ನನ್ನ ದನಿ ನನಗೇ ಹೊಸದು. ಸಂಪತ್ ತಿರುಗಿ ನೋಡಿದರು. ಗೂಳಯ್ಯ ತನ್ನ ಕಾಲ ಬೆರಳುಗಳನ್ನು ನೋಡಿಕೊಂಡ. ಯಂತ್ರ ತೊರೆಗೆ ಇಳಿಯಿತು. ಅದರ ಅದುರುವಿಕೆಗೆ ಸಸಿಯ ಎಲೆಗಳ ಮೇಲಿನ ಹನಿಗಳು ಒಂದೊಂದಾಗಿ ಜಾರಿದವು. ಬಹುಶಃ ಕೇಳಿಸಿರಲಿಕ್ಕಿಲ್ಲ ಎಂದುಕೊಂಡು, ಇನ್ನಷ್ಟು ಗಟ್ಟಿಯಾಗಿ ಹೇಳಿದೆ.

"ತೆನೆ ಬರಾಗಂಟ ಬುಡಿ. ಕಾಳಾದ್ರೆ ಮನೆಮನೆಗೂ ಬಿತ್ತಾಕೆ ಒಂದೊಂದ್ ಹಿಡಿ ಕೊಡ್ತೀನಿ."